ಟೊಮೆಟೊಗೆ ಎಷ್ಟು ತಂಪು ಬೇಕು?

ಬೆಲೆ ಬಿದ್ದು ಟೊಮೆಟೊ ರಸ್ತೆ ಬದಿ ಸೇರಿದಾಗಲೆಲ್ಲ ಬೈರಕೂರಿನಿಂದ ಶ್ರೀನಿವಾಸಪುರದವರೆಗೆ ಕೇಳಿಬರುವುದು ಒಂದೇ ಮಾತು: ಕೋಲ್ಡ್ ಸ್ಟೋರೇಜ್ ಬೇಕು. ನ್ಯಾಯವಾದ ಬೇಡಿಕೆ. ಆದರೆ ತಂಪಿನ ಬಗ್ಗೆ ಇರುವ ಕೆಲವು ನಂಬಿಕೆಗಳಿಂದ ಬೆಳೆಗಾರನಿಗೇ ನಷ್ಟ.

ತಪ್ಪು ಕಲ್ಪನೆ: ತಣ್ಣಗಾದಷ್ಟೂ ಹೆಚ್ಚು ದಿನ ಬಾಳುತ್ತದೆ.

ವಾಸ್ತವ: ಕ್ಯಾರೆಟ್‌ಗೆ ಈ ಮಾತು ಸಲ್ಲುತ್ತದೆ, 0 ಡಿಗ್ರಿ ಸೆಲ್ಸಿಯಸ್ ಹತ್ತಿರವೂ ಅದು ಚೆನ್ನಾಗಿರುತ್ತದೆ. ಟೊಮೆಟೊ, ಮಾವು ಹಾಗಲ್ಲ. ಬಲಿತ ಹಸಿರು ಟೊಮೆಟೊ, ಮಾವಿನಕಾಯಿಯನ್ನು ಸುಮಾರು 12 ಡಿಗ್ರಿಗಿಂತ ಕೆಳಗೆ ಬಹಳ ದಿನ ಇಟ್ಟರೆ ಸಿಪ್ಪೆಯಲ್ಲಿ ಗುಳಿ ಬೀಳುತ್ತದೆ, ಬಣ್ಣ ಸಮನಾಗಿ ತಿರುಗುವುದಿಲ್ಲ. ಪೂರ್ತಿ ಕೆಂಪಾದ ಟೊಮೆಟೊ ಇನ್ನೂ ಸ್ವಲ್ಪ ಚಳಿ ತಾಳುತ್ತದೆ.

ತಪ್ಪು ಕಲ್ಪನೆ: ಹಣ್ಣಿನೊಳಗಿನ ನೀರು ಹೆಪ್ಪುಗಟ್ಟುವುದರಿಂದ ಹೀಗಾಗುತ್ತದೆ.

ವಾಸ್ತವ: 5 ಡಿಗ್ರಿಯಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಪೆಟ್ಟು ಬೀಳುವುದು ಕೊಬ್ಬಿಗೆ. ಪ್ರತಿ ಜೀವಕೋಶವನ್ನೂ ಸುತ್ತಿರುವ ಪೊರೆ ಲಿಪಿಡ್ ಎಂಬ ಕೊಬ್ಬಿನ ಅಣುಗಳ ಎರಡು ಪದರ. ದಪ್ಪ 4–5 ನ್ಯಾನೊಮೀಟರ್ ಅಷ್ಟೆ. ಈ ಪೊರೆ ನಿಂತಲ್ಲೇ ನಿಂತ ಗೋಡೆಯಲ್ಲ, ಸದಾ ಹರಿದಾಡುವಂಥದ್ದು ಎಂದು 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ವಿವರಿಸಿದರು. ಬೆಚ್ಚಗಿದ್ದಾಗ ಲಿಪಿಡ್‌ಗಳ ಬಾಲ ಬಳುಕುತ್ತಲೇ ಇರುತ್ತದೆ, ಅಣುಗಳು ಸೆಕೆಂಡಿಗೆ ಲಕ್ಷಾಂತರ ಸಲ ಅಕ್ಕಪಕ್ಕದವುಗಳೊಡನೆ ಜಾಗ ಬದಲಿಸುತ್ತವೆ. ತಣ್ಣಗಾದಂತೆ ಈ ಓಡಾಟ ಕುಗ್ಗುತ್ತದೆ. ಬಾಲಗಳು ನೆಟ್ಟಗಾಗಿ ಒತ್ತೊತ್ತಾಗಿ ನಿಲ್ಲುತ್ತವೆ. ಪೊರೆಯಲ್ಲಿ ಅಲ್ಲಲ್ಲಿ ಗಟ್ಟಿ, ಅಲ್ಲಲ್ಲಿ ಮೆದು. ಇವೆರಡು ಕೂಡುವ ಅಂಚಿನಲ್ಲಿ ಲವಣಗಳು ಸೋರುತ್ತವೆ, ಪೊರೆಯಲ್ಲಿ ಕೂತ ಪ್ರೋಟೀನುಗಳ ಕೆಲಸವೂ ತಪ್ಪುತ್ತದೆ. ಬೇಗ ಹೊರತೆಗೆದರೆ ಹಣ್ಣು ಚೇತರಿಸಿಕೊಳ್ಳುತ್ತದೆ. ದಿನ ಕಳೆದರೆ ಇಲ್ಲ.

ತಪ್ಪು ಕಲ್ಪನೆ: ಕೊಬ್ಬೆಲ್ಲ ಚಳಿಗೆ ಒಂದೇ ರೀತಿ ಗಟ್ಟಿಯಾಗುತ್ತದೆ.

ವಾಸ್ತವ: ಡಿಸೆಂಬರ್ ಬೆಳಗ್ಗೆ ತುಪ್ಪ ಹೆಪ್ಪುಗಟ್ಟಿದ್ದರೂ ಪಕ್ಕದ ಕಡಲೆಕಾಯಿ ಎಣ್ಣೆ ಸುರಿದರೆ ಸುರಿಯುತ್ತದೆ. ಎಣ್ಣೆಯಲ್ಲಿ ಹೆಚ್ಚಿರುವ ಅಪರ್ಯಾಪ್ತ ಕೊಬ್ಬಿನಾಮ್ಲದ ಬಾಲ ಬಾಗಿರುವುದರಿಂದ ಅಣುಗಳು ಒತ್ತಾಗಿ ಕೂರಲಾರವು. ಚಳಿ ತಾಳುವ ಗಿಡಗಳು ಪೊರೆಯಲ್ಲಿ ಇಂಥ ಲಿಪಿಡ್ ಹೆಚ್ಚಿಸಿಕೊಳ್ಳುತ್ತವೆ.

ತಪ್ಪು ಕಲ್ಪನೆ: ಕೋಣೆಯಿಂದ ತೆಗೆದಾಗ ಚೆನ್ನಾಗಿ ಕಂಡರೆ ಮಾಲು ಸರಿಯಿದೆ.

ವಾಸ್ತವ: ಒಳಗಾದ ಹಾನಿ ಎದ್ದು ಕಾಣುವುದು ಹಣ್ಣು ಹೊರಗಿನ ಶಾಖಕ್ಕೆ ಬಂದ ಮೇಲೆ. ಅಷ್ಟರಲ್ಲಿ ಲಾರಿ ದೂರದ ಮಂಡಿ ಸೇರಿರುತ್ತದೆ, ದೂರು ಬೆಳೆಗಾರನ ತಲೆಗೆ. ಹಾಗಾಗಿ ಶೀತಲಗೃಹ ಕೇಳುವಾಗ ಬೇರೆ ಬೇರೆ ಉಷ್ಣಾಂಶದ ಕೋಣೆಗಳನ್ನೇ ಕೇಳಬೇಕು: ಕ್ಯಾರೆಟ್‌ಗೆ ಒಂದು, ಹಸಿರು ಟೊಮೆಟೊಗೂ ಮಾವಿಗೂ 13 ಡಿಗ್ರಿ ಆಸುಪಾಸಿನ ಇನ್ನೊಂದು.