ಬಾನೆಟ್ಟಿನ ಕೆಳಗೆ ಐನ್‌ಸ್ಟೈನ್

ಗೋಕುಲ ರಸ್ತೆಯ ಓದುಗರೊಬ್ಬರ ಪ್ರಶ್ನೆ ಇದು: "ನವೆಂಬರಿನಾಗ ಮಗಳ ಕಡೆ ಕೆನಡಾಕ್ಕ ಹೋಗಿದ್ವಿ. ಫೆಬ್ರುವರಿಗೆ ಬಂದು ಚಾವಿ ತಿರುವಿದ್ರ ಕಾರು ಟಕಟಕ ಅಂತೈತಿ, ಚಾಲೂ ಆಗವಲ್ದು. ಅಲ್ಲಿ ಮೈನಸ್ ಇಪ್ಪತ್ತರಾಗ ರಾತ್ರಿಯೆಲ್ಲ ಹೊರಗ ನಿಂತ ಅಳಿಯನ ಕಾರು ಮುಂಜಾನೆ ಚಾಲೂ ಆಗ್ತಿತ್ತು. ಹುಬ್ಬಳ್ಳಿ ಚಳಿಗೆ ನಮ್ಮ ಬ್ಯಾಟರಿ ಸತ್ತಿತೇನ್ರಿ?"

ಇಲ್ಲ. ಹುಬ್ಬಳ್ಳಿಯ ಚಳಿ ಪಾಪದ್ದು. ಚಳಿಯಲ್ಲಿ ಎಂಜಿನ್ ಎಬ್ಬಿಸುವುದು ಕಷ್ಟ ನಿಜ, ಆದರೆ ಸುಮ್ಮನೆ ಇಟ್ಟ ಬ್ಯಾಟರಿಗೆ ತಂಪೇ ಹಿತ. ಅದು ತನ್ನಷ್ಟಕ್ಕೆ ಸೋರಿಹೋಗುವ ವೇಗ ಪ್ರತಿ ಹತ್ತು ಡಿಗ್ರಿ ಸೆಕೆಗೆ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ನಮ್ಮ ಬ್ಯಾಟರಿಗಳನ್ನು ತಿನ್ನುವುದು ಏಪ್ರಿಲ್ ತಿಂಗಳೇ ಹೊರತು ಡಿಸೆಂಬರ್ ಅಲ್ಲ. ಅಳಿಯನ ಕಾರು ದಿನವೂ ಓಡುತ್ತಿತ್ತು, ದಿನವೂ ತುಂಬಿಕೊಳ್ಳುತ್ತಿತ್ತು. ಮಾವನದು ಮೂರು ತಿಂಗಳು ಉಪವಾಸ ಕೂತಿತ್ತು.

ಕೂತಿತ್ತು ಎಂದರೆ ಮಲಗಿರಲಿಲ್ಲ. ಚಾವಿ ತೆಗೆದ ಮೇಲೂ ಇಂದಿನ ಕಾರಿನಲ್ಲಿ ಗಡಿಯಾರ, ಕಳ್ಳರ ಅಲಾರಂ, ರಿಮೋಟಿನ ಕರೆಗೆ ಕಿವಿಗೊಟ್ಟ ಪುಟ್ಟ ಕಂಪ್ಯೂಟರು ಎಲ್ಲ ಎಚ್ಚರವಾಗಿರುತ್ತವೆ. ಎಲ್ಲ ಸೇರಿ 25 ಮಿಲಿಆಂಪಿಯರ್ ಹೀರುತ್ತವೆ ಎಂದಿಟ್ಟುಕೊಳ್ಳಿ. ದಿನಕ್ಕೆ 0.6 ಆಂಪಿಯರ್-ಗಂಟೆ ಆಯಿತು. ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ 58 ದಿನಕ್ಕೆ ಬರಿದು. ಎಂಜಿನ್ ತಿರುಗಿಸುವ ತಾಕತ್ತು ಅದಕ್ಕೂ ಎಷ್ಟೋ ಮೊದಲೇ ಹೋಗಿರುತ್ತದೆ.

ಮನೆ ಹತ್ತಿರವೇ ಇದ್ದುದರಿಂದ ಮಲ್ಟಿಮೀಟರ್ ಹಿಡಿದು ಹೋದೆ. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. ಇವರದು 11.6. ಚಾವಿ ತಿರುವಿದಾಗ ಮುಳ್ಳು 7ಕ್ಕೆ ಕುಸಿಯಿತು, ಮತ್ತೆ ಎದ್ದಿತು, ಮತ್ತೆ ಕುಸಿಯಿತು. ಆ ಟಕಟಕದ ಗುಟ್ಟು ಅದೇ. ಸ್ಟಾರ್ಟರ್ ಮೇಲೆ ಕೂತ ವಿದ್ಯುತ್ಕಾಂತದ ಸ್ವಿಚ್ಚಿಗೆ ಸ್ವಲ್ಪ ಕರೆಂಟು ಸಾಕು, ಅದು ಒಳಕ್ಕೆ ಎಳೆದುಕೊಳ್ಳುತ್ತದೆ. ಕೂಡಲೇ ಮೋಟಾರು ನೂರೈವತ್ತು ಆಂಪಿಯರ್ ಕೊಡು ಎಂದು ಬಾಯಿ ತೆರೆಯುತ್ತದೆ. ಬ್ಯಾಟರಿ ಕುಸಿಯುತ್ತದೆ, ಕಾಂತದ ಹಿಡಿತ ಸಡಿಲಿ ಸ್ವಿಚ್ ಬಿಡುತ್ತದೆ. ಹೊರೆ ಇಳಿಯಿತಲ್ಲ, ಬ್ಯಾಟರಿ ಚೇತರಿಸಿ ಮತ್ತೆ ಎಳೆಯುತ್ತದೆ. ಸೆಕೆಂಡಿಗೆ ಹಲವು ಸಲ ಈ ಹಗ್ಗಜಗ್ಗಾಟ. ಟಕಟಕ ಎನ್ನುವ ಬ್ಯಾಟರಿ ಸತ್ತಿಲ್ಲ, ಏದುಸಿರು ಬಿಡುತ್ತಿದೆ. ದೀಪಗಳೆಲ್ಲ ಜೋರಾಗಿ ಉರಿಯುತ್ತಿದ್ದು ಒಂದೇ ಸಲ "ಟಕ್" ಎಂದರೆ ಮಾತ್ರ ಟರ್ಮಿನಲ್ಲನ್ನೋ ಸ್ಟಾರ್ಟರನ್ನೋ ಅನುಮಾನಿಸಿ.

ಅಷ್ಟರಲ್ಲಿ ಪಕ್ಕದ ಮನೆಯವರು ಬಂದು, ಅಮಾಸಿ ಮುಂದ ಗಾಡಿ ಮುಟ್ಟಬ್ಯಾಡ್ರಿ, ಲಿಂಬಿಹಣ್ಣು ಒಣಗೇತಿ, ಹೊಸದು ಕಟ್ರಿ ಎಂದರು. ನನಗೆ ರೇಗಿತು. ಲಿಂಬೆಗೆ ತಾಮ್ರ ಮತ್ತು ಸತುವು ಚುಚ್ಚಿದರೆ ಹೆಚ್ಚುಕಡಿಮೆ ಒಂದು ವೋಲ್ಟ್ ಬರುವುದು ಹೌದು, ಆದರೆ ಕರೆಂಟು ಮಿಲಿಆಂಪಿಯರ್ ದಾಟುವುದೇ ಕಷ್ಟ. ಈ ಕಾರು ಎಬ್ಬಿಸಲು ಇಪ್ಪತ್ತು ಲಕ್ಷ ಹಣ್ಣು ಬೇಕಾದೀತು. ಇಂಡಿಯಿಂದ ಲಾರಿಗಟ್ಟಲೆ ತರಿಸುತ್ತೀರಾ ಎಂದು ಕೇಳಿದೆ. ಅವರು ನಕ್ಕರು, ಆದರೆ ಬಿಡಲಿಲ್ಲ.

ಬೆರಗು ಬೇಕಾದರೆ ಲಿಂಬೆಗಿಂತ ದೊಡ್ಡದು ಆ ಕಪ್ಪು ಡಬ್ಬಿಯೊಳಗೇ ಇದೆ. ಸೀಸ ಮತ್ತು ಗಂಧಕಾಮ್ಲದ ಈ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ 1859ರಲ್ಲಿ ಮಾಡಿದ. ಒಂದು ಕೋಶಕ್ಕೆ ಎರಡು ವೋಲ್ಟಿಗಿಂತ ತುಸು ಹೆಚ್ಚು, ಆರು ಕೋಶ ಸೇರಿ ಹನ್ನೆರಡೂವರೆ. ಸೀಸಕ್ಕೆ ಇಷ್ಟು ವೋಲ್ಟೇಜು ಎಲ್ಲಿಂದ? ಆವರ್ತ ಕೋಷ್ಟಕದಲ್ಲಿ ಅದರ ನೆತ್ತಿಯ ಮೇಲೆಯೇ ಕೂತ ತವರದಿಂದ ಯಾಕೆ ಇಂಥ ಬ್ಯಾಟರಿ ಆಗುವುದಿಲ್ಲ? ಇದನ್ನು ಸ್ವೀಡನ್ ಮತ್ತು ಫಿನ್ಲೆಂಡಿನ ವಿಜ್ಞಾನಿಗಳು ಲೆಕ್ಕಹಾಕಿ 2011ರಲ್ಲಿ ಪ್ರಕಟಿಸಿದರು. ಅವರಲ್ಲಿ ಭಾರತ ಮೂಲದ ರಾಜೀವ್ ಅಹುಜಾ ಕೂಡ ಒಬ್ಬರು. ಸೀಸದ ಪರಮಾಣುವಿನ ನ್ಯೂಕ್ಲಿಯಸ್ಸಿನಲ್ಲಿ 82 ಪ್ರೋಟಾನುಗಳಿವೆ. ಅವುಗಳ ಸೆಳೆತಕ್ಕೆ ತೀರ ಒಳಗಿನ ಎಲೆಕ್ಟ್ರಾನುಗಳು ಬೆಳಕಿನ ವೇಗದ ಸುಮಾರು ಶೇಕಡ 60ರಷ್ಟು ವೇಗದಲ್ಲಿ ಸುತ್ತುತ್ತವೆ. ಆ ವೇಗದಲ್ಲಿ ಐನ್‌ಸ್ಟೈನನ ಸಾಪೇಕ್ಷತೆಯನ್ನು ಬಿಟ್ಟರೆ ಲೆಕ್ಕ ಕೂಡುವುದಿಲ್ಲ. ಎಲೆಕ್ಟ್ರಾನು ಭಾರವಾದಂತೆ ವರ್ತಿಸುತ್ತದೆ, ಅದರ ಮನೆ ಕುಗ್ಗುತ್ತದೆ, ಹೊರಗಿನ ಕೆಲವು ಮನೆಗಳೂ ಒಳಕ್ಕೆ ಜಗ್ಗುತ್ತವೆ. ಹೀಗೆ ತಗ್ಗಿದ ಖಾಲಿ ಮನೆಗಳು ಎಲೆಕ್ಟ್ರಾನುಗಳಿಗಾಗಿ ಹಾತೊರೆಯುತ್ತವೆ, ಆ ಹಾತೊರೆತವೇ ವೋಲ್ಟೇಜು. ಪ್ರತಿ ಕೋಶದ ಸುಮಾರು 2.1 ವೋಲ್ಟಿನಲ್ಲಿ 1.7ರಿಂದ 1.8ರಷ್ಟು ಸಾಪೇಕ್ಷತೆಯ ಕೊಡುಗೆ! ತವರದಲ್ಲಿ ಪ್ರೋಟಾನು ಐವತ್ತೇ, ಅಲ್ಲಿ ಈ ಆಟ ನಡೆಯದು. ಐನ್‌ಸ್ಟೈನ್ ಸಿದ್ಧಾಂತ ಬರೆದದ್ದು 1905ರಲ್ಲಿ. ಅದಕ್ಕೆ 46 ವರ್ಷ ಮೊದಲೇ ಪ್ಲಾಂಟೆ ಅದನ್ನು ಗಾಜಿನ ಜಾಡಿಯಲ್ಲಿ ತುಂಬಿಟ್ಟಿದ್ದ, ತನಗೇ ತಿಳಿಯದೆ. ಗೋಕುಲ ರಸ್ತೆಯಲ್ಲಿ ಬೆಳಿಗ್ಗೆ ಏಳುವ ಪ್ರತಿ ಕಾರಿನ ಹನ್ನೆರಡೂವರೆಯಲ್ಲಿ ಹತ್ತಕ್ಕೂ ಹೆಚ್ಚು ವೋಲ್ಟು ಐನ್‌ಸ್ಟೈನನ ಲೆಕ್ಕದ್ದು.

ಇನ್ನು ಕೆಲಸದ ಮಾತು. ಬೇರೆ ಕಾರಿನಿಂದ ಕೇಬಲ್ ಹಾಕುವಾಗ ಕೆಂಪಿಗೆ ಕೆಂಪು, ಆಮೇಲೆ ಒಳ್ಳೆಯ ಬ್ಯಾಟರಿಗೆ ಕಪ್ಪು. ಕೊನೆಯ ಕಪ್ಪು ತುದಿಯನ್ನು ಸೋತ ಬ್ಯಾಟರಿಗೆ ಹಚ್ಚದೆ ದೂರದ ಎಂಜಿನ್ ಕಬ್ಬಿಣಕ್ಕೆ ಕಚ್ಚಿಸಿ. ಅಲ್ಲಿ ಕಿಡಿ ಹಾರುತ್ತದೆ, ಬ್ಯಾಟರಿ ಬಳಿ ಹೈಡ್ರೋಜನ್ ಇರುತ್ತದೆ. ನಾವು ಕೇಬಲ್ ಹಾಕದೆ ಬ್ಯಾಟರಿ ಬಿಚ್ಚಿ ನಿಧಾನ ಚಾರ್ಜಿಗೆ ಕೊಟ್ಟೆವು. ತಿಂಗಳುಗಟ್ಟಲೆ ಬರಿದಾಗಿದ್ದ ಫಲಕಗಳ ಮೇಲೆ ಸೀಸದ ಸಲ್ಫೇಟು ಹರಳುಗಟ್ಟಿರುತ್ತದೆ, ಅವಸರದ ಚಾರ್ಜಿಗೆ ಅದು ಕರಗದು. "ದಿನಾ ಎರಡು ನಿಮಿಷ ಚಾಲೂ ಮಾಡಂತ ಮಗ್ಗಲಮನಿ ಹುಡುಗಗ ಹೇಳಿ ಹೋಗಬೇಕಿತ್ರಿ" ಎಂದರು ಓದುಗರು. ಉಪಯೋಗವಿಲ್ಲ. ಎರಡು ನಿಮಿಷದ ಗಳಿಕೆ ಸ್ಟಾರ್ಟರಿನ ಖರ್ಚಿಗೇ ಸರಿಹೋಗುತ್ತದೆ. ಊರು ಬಿಡುವ ಮುನ್ನ ಬ್ಯಾಟರಿ ತುಂಬಿಸಿ, ಹತ್ತನೇ ನಂಬರಿನ ಪಾನಾದಿಂದ ಕಪ್ಪು ಟರ್ಮಿನಲ್ ಬಿಚ್ಚಿಟ್ಟರೆ ಮುಗಿಯಿತು.

ಎರಡು ದಿನ ಬಿಟ್ಟು ಫೋನ್ ಬಂತು. "ಚಾಲೂ ಆತ್ರಿ, ವಿಮಾನ ನಿಲ್ದಾಣದ ತನಕ ಹೋಗಿ ಬಂದ್ವಿ. ಆದ್ರ ಗಡಿಯಾರ ಹನ್ನೆರಡಕ್ಕ ಬಂದು ಕೂತೈತಿ." ಹೊಂದಿಸಿಕೊಳ್ಳಿ ಎಂದೆ. "ಬ್ಯಾಡ ಬಿಡ್ರಿ, ಮೇದಾಗ ಮತ್ತ ಹೋಗೂದೈತಿ. ಆವಾಗ ಹೆಂಗೂ ಕರೀದು ಬಿಚ್ಚಬೇಕಲ್ಲ" ಎಂದರು.