ಕಾಣೆಯಾದ ಮಗುವಿನ ಬೆಳೆದ ಮುಖ

ಮಗುವೊಂದು ನಾಲ್ಕನೆಯ ವಯಸ್ಸಿನಲ್ಲಿ ಕಾಣೆಯಾಯಿತೆಂದು ಭಾವಿಸೋಣ. ಹತ್ತು ವರ್ಷಗಳ ಅನಂತರವೂ ತಾಯಿತಂದೆಗಳ ಕೈಯಲ್ಲಿ ಉಳಿದಿರುವುದು ಆ ಹಳೆಯ ಭಾವಚಿತ್ರವೇ. ಆದರೆ ಮಗುವಿಗೆ ಈಗ ಹದಿನಾಲ್ಕು ವರ್ಷ. ಹುಡುಕುವವರ ಎದುರಿನಿಂದಲೇ ಅದು ಹಾದುಹೋದರೂ ಗುರುತು ಹತ್ತುವುದು ಕಷ್ಟ. ನಾವು ಕಾಣದ ಈ ಮುಖವನ್ನು ಚಿತ್ರಿಸಲು ಸಾಧ್ಯವೆ?

ಚಿಕ್ಕ ಮುಖವನ್ನು ಹಿಗ್ಗಿಸಿದ ಮಾತ್ರಕ್ಕೆ ಅದು ದೊಡ್ಡವರ ಮುಖವಾಗದು. ಮಿದುಳು ಬೇಗ ಬೆಳೆಯುವುದರಿಂದ ತಲೆಬುರುಡೆಯು ಆರನೆಯ ವಯಸ್ಸಿಗಾಗಲೇ ತನ್ನ ಪೂರ್ಣಗಾತ್ರದಲ್ಲಿ ನೂರಕ್ಕೆ ಸುಮಾರು 90ರಷ್ಟನ್ನು ಮುಟ್ಟಿರುತ್ತದೆ. ಮುಖದ ಕೆಳಭಾಗದ ಬೆಳವಣಿಗೆಯಾದರೋ ನಿಧಾನ. ಆರೇಳು ವರ್ಷಕ್ಕೆ ಹಾಲುಹಲ್ಲುಗಳು ಬಿದ್ದು ಶಾಶ್ವತವಾದ ಹಲ್ಲುಗಳು ಮೂಡತೊಡಗುತ್ತವೆ. ಅವುಗಳಿಗೆ ಎಡೆಯಾಗುವಂತೆ ದವಡೆ ಉದ್ದವಾಗುತ್ತದೆ. ಚಪ್ಪಟೆ ಮೂಗು ಎತ್ತರಿಸುತ್ತದೆ. ಪ್ರಾಯ ಬಂದಾಗ ಗದ್ದ ಕೆಳಕ್ಕೂ ಮುಂದಕ್ಕೂ ಚಾಚುತ್ತದೆ. ಎಳೆಯ ಮುಖದಲ್ಲಿ ತಗ್ಗಿನಲ್ಲಿದ್ದ ಕಣ್ಣುಗಳು ಮೇಲೇರಿದಂತೆ ಕಾಣುವುದು ಇದರಿಂದಲೇ. ಏರಿದ್ದು ಕಣ್ಣಲ್ಲ, ಇಳಿದದ್ದು ಗದ್ದ!

ಇಂಥ ಮಾರ್ಪಾಡನ್ನು ಗಣಿತದಿಂದ ಹಿಡಿಯಬಹುದೆಂಬ ಯೋಚನೆ ಹಳೆಯದು. ಒಂದು ಪ್ರಾಣಿಯ ಆಕಾರದ ಮೇಲೆ ಚೌಕಗಳ ಬಲೆಯನ್ನು ಬರೆದು, ಬಲೆಯನ್ನು ಕ್ರಮವಾಗಿ ಬಾಗಿಸಿದರೆ ಮತ್ತೊಂದು ಪ್ರಾಣಿಯ ಆಕಾರ ಬರುವುದನ್ನು ಡಾರ್ಸಿ ಥಾಮ್ಸನ್ ಎಂಬ ಜೀವವಿಜ್ಞಾನಿ 1917ರಲ್ಲಿಯೇ ತೋರಿಸಿದ್ದನು. ಗಣಕಯಂತ್ರದಿಂದ ಮುಖದ ವಯಸ್ಸನ್ನು ಬದಲಿಸುವ ವಿಧಾನಕ್ಕೆ ಅಮೆರಿಕದ ಕಲಾವಿದೆ ನ್ಯಾನ್ಸಿ ಬರ್ಸನ್ ಮತ್ತು ಆಕೆಯ ಸಹೋದ್ಯೋಗಿಗೆ 1981ರಲ್ಲಿ ಪೇಟೆಂಟ್ ದೊರೆಯಿತು.

ಆದರೆ ಯಂತ್ರ ಒಂದೇ ಸಾಲದು. ಬೆಳವಣಿಗೆಯ ನಿಯಮ ಎಲ್ಲ ಮಕ್ಕಳಿಗೂ ಸಾಮಾನ್ಯ. ನಮಗೆ ಬೇಕಾದುದು ಒಂದೇ ಮಗುವಿನ ಮುಖ. ಆದುದರಿಂದ ಚಿತ್ರಕಾರನು ತಂದೆತಾಯಿಗಳು ಹಾಗೂ ಒಡಹುಟ್ಟಿದವರು ಅದೇ ವಯಸ್ಸಿನಲ್ಲಿ ತೆಗೆಸಿಕೊಂಡ ಭಾವಚಿತ್ರಗಳನ್ನು ಕೇಳಿ ಪಡೆಯುತ್ತಾನೆ. ಅಕ್ಕನ ದವಡೆ, ತಂದೆಯ ಮೂಗು ಇವು ದಾರಿ ತೋರಿಸುತ್ತವೆ. ಮಗುವಿನದೇ ಆದ ಕಣ್ಣಿನ ನೋಟ, ಮಚ್ಚೆ, ಗಾಯದ ಕಲೆಗಳನ್ನು ಮಾತ್ರ ಅವನು ಹಾಗೆಯೇ ಉಳಿಸಿಕೊಳ್ಳುತ್ತಾನೆ.

ಹೀಗೆ ಸಿದ್ಧವಾದುದು ಭವಿಷ್ಯವಾಣಿಯಲ್ಲ, ಒಂದು ಊಹೆ. ಮಗು ದಪ್ಪವಾಯಿತೊ ಸೊರಗಿತೊ, ಕೂದಲನ್ನು ಹೇಗೆ ಬಾಚುತ್ತದೆಯೊ ಯಾರು ಬಲ್ಲರು? ಒಂದೇ ಮಗುವನ್ನು ಇಬ್ಬರು ಚಿತ್ರಕಾರರು ಬರೆದರೆ ಎರಡು ಮುಖಗಳಾಗುವುದುಂಟು. ಪ್ರಯೋಗಗಳಲ್ಲಿಯೂ ಹಳೆಯ ಭಾವಚಿತ್ರಕ್ಕಿಂತ ಇಂಥ ಚಿತ್ರವೇ ಮೇಲೆಂದು ಪ್ರತಿಸಲವೂ ಕಂಡುಬಂದಿಲ್ಲ. ಎರಡನ್ನೂ ಅಕ್ಕಪಕ್ಕದಲ್ಲಿ ಅಚ್ಚುಹಾಕುವ ಪದ್ಧತಿ ನಮಗೆ ಸರಿಯೆಂದೇ ತೋರುತ್ತದೆ. ಕಾಣೆಯಾದ ಮಕ್ಕಳಿಗಾಗಿ ಅಮೆರಿಕದಲ್ಲಿ 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕೇಂದ್ರವು ಹೀಗೆಯೇ ಮಾಡುತ್ತದೆ. ಅಲ್ಲಿ ಮಗುವಿಗೆ 18 ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ ಹೊಸ ಚಿತ್ರ ತಯಾರಾಗುತ್ತದೆ. ಆ ಬಳಿಕವೂ ಕೈಬಿಡುವುದಿಲ್ಲ. ಐದು ವರ್ಷಕ್ಕೊಮ್ಮೆ ಆ ಮುಖಕ್ಕೆ ಮತ್ತೆ ವಯಸ್ಸು ಕೂಡಿಸುತ್ತಾರೆ.