ಕಿತ್ತಳೆಯ ಹಣತೆ

ಕಿತ್ತಳೆ ಹಣ್ಣನ್ನು ತಿಂದು ಸಿಪ್ಪೆಯನ್ನು ಎಸೆಯುವುದು ಲೋಕರೂಢಿ. ಮುಂಬಯಿಯಲ್ಲಿ ವಾಸಿಸುವ ನಮಗಂತೂ ಚಳಿಗಾಲ ಬಂತೆಂದರೆ ಈ ಹಣ್ಣಿಗೆ ಬರವಿಲ್ಲ. ನಾಗಪುರದ ಕಡೆಯಿಂದ ಬಂದ ಹಣ್ಣುಗಳು ಬೀದಿಬೀದಿಯ ಕೈಗಾಡಿಗಳಲ್ಲಿ ರಾಶಿ ಬೀಳುತ್ತವೆ. ನಾವೂ ಇಲ್ಲಿಯವರಂತೆ ಅವನ್ನು ಸಂತ್ರಾ ಎಂದೇ ಕೇಳಿ ಕೊಳ್ಳುತ್ತೇವೆ. ತೊಳೆಗಳು ಹೊಟ್ಟೆಗೆ, ಸಿಪ್ಪೆ ಕಸದ ಬುಟ್ಟಿಗೆ. ಆದರೆ ಆ ಸಿಪ್ಪೆಯಲ್ಲಿ ಒಂದು ದೀಪದ ಪಾತ್ರೆಯೂ, ಅದರ ನಡುವೆ ನಿಂತಿರುವ ಬಿಳಿಯ ನಾರಿನಲ್ಲಿ ಒಂದು ಬತ್ತಿಯೂ ಅಡಗಿವೆಯೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಗಮನಿಸಿದ್ದೇವೆ?

ವಿಜ್ಞಾನವೆಂದರೆ ಗಾಜಿನ ನಳಿಗೆಗಳು, ಬೀಗ ಹಾಕಿದ ಕಪಾಟುಗಳು, ಆಂಗ್ಲ ಭಾಷೆಯ ದಪ್ಪ ಪುಸ್ತಕಗಳು ಎಂಬ ಭಾವನೆ ಅನೇಕರಲ್ಲಿ ಬೇರೂರಿದೆ. ಕನ್ನಡದಲ್ಲಿ ಕಲಿಯುವ ಮಕ್ಕಳು ವಿಜ್ಞಾನದಲ್ಲಿ ಹಿಂದುಳಿಯುವರೆಂದು ನೆರೆಹೊರೆಯವರು ಆಡುವ ಮಾತು ನಮ್ಮ ಕಿವಿಗೂ ಬೀಳುವುದುಂಟು. ಅವರೊಡನೆ ವಾದ ಮಾಡುವುದು ಬೇಡ. ಒಂದು ಕಿತ್ತಳೆ, ಮೂರು ನಾಲ್ಕು ಚಮಚ ಎಣ್ಣೆ, ಒಂದು ಬೆಂಕಿಪೆಟ್ಟಿಗೆ. ಇಷ್ಟನ್ನು ಮುಂದಿಟ್ಟುಕೊಂಡು ನಾವು ಒಂದು ಪ್ರಶ್ನೆಯನ್ನು ಕೇಳಿಕೊಳ್ಳೋಣ. ದೀಪದಲ್ಲಿ ಉರಿಯುವುದು ಯಾವುದು? ಬತ್ತಿಯೇ, ಎಣ್ಣೆಯೇ, ಅಥವಾ ಇವೆರಡೂ ಅಲ್ಲದ ಮತ್ತೊಂದೇ? ಇದಕ್ಕೆ ಉತ್ತರ ದೊರೆತರೆ ದೀಪವನ್ನು ಹೊತ್ತಿಸುವ ಬಗೆಯಷ್ಟೇ ಅಲ್ಲ, ಅಡುಗೆಮನೆಯಲ್ಲಿ ಎದ್ದ ಬೆಂಕಿಯನ್ನು ಆರಿಸುವ ಬಗೆಯೂ ತಿಳಿಯುತ್ತದೆ.

ಹಣತೆಯನ್ನು ಮಾಡುವ ಬಗೆ

ಈ ಕೆಲಸಕ್ಕೆ ಕೂಡುವಾಗ ಮನೆಯ ಹಿರಿಯರೊಬ್ಬರು ಬಳಿಯಲ್ಲಿರಬೇಕು. ಕಿಟಕಿಯ ಪರದೆ, ಕಾಗದ, ಒಣಗಲು ಹಾಕಿದ ಬಟ್ಟೆ ಇವೆಲ್ಲ ದೂರವಿರಬೇಕು. ಕೂದಲನ್ನು ಹಿಂದಕ್ಕೆ ಕಟ್ಟಿಕೊಳ್ಳಬೇಕು.

ಗಾಯವಿಲ್ಲದ, ಸಿಪ್ಪೆ ಗಟ್ಟಿಯಾಗಿರುವ ಹಣ್ಣೊಂದನ್ನು ಆರಿಸಿಕೊಳ್ಳೋಣ. ತೊಟ್ಟಿನ ಭಾಗ ಕೆಳಗಿರುವಂತೆ ಹಿಡಿದು, ಹಣ್ಣಿನ ನಡುವಿನ ಸುತ್ತಲೂ ಚಾಕುವಿನಿಂದ ಒಂದು ಗೆರೆ ಕೊರೆಯಬೇಕು. ಚಾಕು ಸಿಪ್ಪೆಯನ್ನು ಮಾತ್ರ ಸೀಳಬೇಕು. ಒಳಗಿನ ತೊಳೆಗಳನ್ನು ಮುಟ್ಟಬಾರದು. ಬಳಿಕ ಚಮಚದ ಹಿಡಿಯನ್ನು ಸಿಪ್ಪೆಗೂ ತೊಳೆಗಳಿಗೂ ನಡುವೆ ತೂರಿಸಿ, ಹಣ್ಣನ್ನು ತಿರುಗಿಸುತ್ತ ಮೆಲ್ಲಮೆಲ್ಲನೆ ಸಡಿಲಿಸಬೇಕು. ಮೇಲಿನ ಅರ್ಧ ಸಿಪ್ಪೆ ಟೊಪ್ಪಿಗೆಯಂತೆ ಕಳಚಿ ಬರುತ್ತದೆ. ಅದನ್ನು ಎಸೆಯದೆ ಬದಿಗಿಡೋಣ.

ಇನ್ನು ಕೆಳಗಿನ ಅರ್ಧ. ಇಲ್ಲಿ ತಾಳ್ಮೆ ಬೇಕು. ತೊಳೆಗಳನ್ನು ಒಟ್ಟಿಗೆ ಕೀಳದೆ, ಒಂದೊಂದನ್ನಾಗಿ ನಡುವಿನಿಂದ ಹೊರಕ್ಕೆ ಬಾಗಿಸಿ ಬಿಡಿಸಬೇಕು. ಎಲ್ಲವೂ ಬಂದ ಮೇಲೆ ಬಟ್ಟಲಿನ ನಟ್ಟನಡುವೆ, ತೊಟ್ಟಿನಿಂದ ಮೇಲಕ್ಕೆ ಎದ್ದು ನಿಂತ ಬಿಳಿಯ ನಾರಿನ ಗೂಟವೊಂದು ಕಾಣುತ್ತದೆ. ಹಣ್ಣು ಮರದಲ್ಲಿದ್ದಾಗ ತೊಟ್ಟಿನ ಮೂಲಕ ಬಂದ ನೀರೂ ಆಹಾರವೂ ಈ ನಾರಿನ ದಾರಿಯಲ್ಲಿಯೇ ಒಳಹೊಕ್ಕವು. ಮರಕ್ಕೆ ಅದು ಕಾಲುವೆಯಾಗಿತ್ತು. ನಮಗೆ ಈಗ ಬತ್ತಿಯಾಗಲಿದೆ. ಬಿಡಿಸಿದ ತೊಳೆಗಳನ್ನು ಏನು ಮಾಡಬೇಕೆಂದು ಬರೆಯುವ ಅವಶ್ಯಕತೆ ಇಲ್ಲ.

ನಾರು ಹಸಿಯಾಗಿರುವಾಗ ಹೊತ್ತಿಕೊಳ್ಳದು. ಒಣಬಟ್ಟೆಯಿಂದ ಮೃದುವಾಗಿ ಒತ್ತಿ, ಕೆಲವು ಗಂಟೆಗಳ ಕಾಲ ಗಾಳಿಗೆ ಇಡಬೇಕು. ಸಂಜೆ ಮಾಡಿ ರಾತ್ರಿಯೆಲ್ಲ ಬಿಟ್ಟರೆ ಇನ್ನೂ ಉತ್ತಮ. ಆಮೇಲೆ ಸಿಪ್ಪೆಯ ಬಟ್ಟಲನ್ನು ಅಲುಗಾಡದಂತೆ ಒಂದು ಸ್ಟೀಲಿನ ಬಟ್ಟಲಿನೊಳಗೆ ಕೂರಿಸಿ, ಅದರಲ್ಲಿ ಶೇಂಗಾ ಎಣ್ಣೆಯನ್ನೋ ಎಳ್ಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಹುಯ್ಯಬೇಕು. ನಾರಿನ ತುದಿ ಎಣ್ಣೆಯ ಮಟ್ಟದಿಂದ ಅರ್ಧ ಸೆಂಟಿಮೀಟರಿನಷ್ಟು ಮೇಲಿರಲಿ. ಆ ತುದಿಗೂ ಬೆರಳಿನಿಂದ ಎಣ್ಣೆ ಸವರಿ ಐದು ಹತ್ತು ನಿಮಿಷ ಕಾಯಬೇಕು. ಸೀಮೆಎಣ್ಣೆ, ಪೆಟ್ರೋಲು, ಸ್ಪಿರಿಟ್ಟು ಇವನ್ನು ಎಂದಿಗೂ ಹಾಕಕೂಡದು; ಏಕೆಂಬುದು ಮುಂದೆ ತಿಳಿಯುತ್ತದೆ.

ಕಡ್ಡಿ ಗೀರಿ ತುದಿಗೆ ಹಿಡಿದೊಡನೆಯೇ ಈ ಬತ್ತಿ ಹೊತ್ತುವುದಿಲ್ಲ. ಮೊದಲು ಚಟಚಟ ಸದ್ದಾಗುತ್ತದೆ. ನಾರಿನಲ್ಲಿ ಉಳಿದ ನೀರು ಆವಿಯಾಗಿ ಸಿಡಿಯುವ ಸದ್ದು ಅದು. ಎರಡು ಮೂರು ಕಡ್ಡಿಗಳು ಬೇಕಾದರೂ ಬೇಸರಿಸಬಾರದು. ತುದಿ ಕಪ್ಪಾಗಿ, ಪುಟ್ಟ ಜ್ವಾಲೆಯೊಂದು ನಿಂತಿತೆಂದರೆ ಮುಂದೆ ಅದು ಶಾಂತವಾಗಿ ಉರಿಯುತ್ತದೆ. ನಾರು ಮುರಿದುಹೋದರೆ ಕೆಲಸ ಕೆಟ್ಟಿತೆಂದಲ್ಲ. ಹತ್ತಿಯ ಹೂಬತ್ತಿಯೊಂದನ್ನು ನಿಲ್ಲಿಸಿದರೂ ಆದೀತು. ನಮ್ಮ ನಾಡಿನ ದೇವಿಯ ಗುಡಿಗಳಲ್ಲಿ ಹೆಂಗಸರು ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವುದನ್ನು ಊರಿಗೆ ಹೋದಾಗ ಕಂಡವರುಂಟು. ಬೆಂಗಳೂರಿನ ಬನಶಂಕರಿ ದೇವಾಲಯ ಇದಕ್ಕೆ ಹೆಸರಾಗಿದೆ. ರಸ ಹಿಂಡಿದ ಅರ್ಧ ಹೋಳನ್ನು ಒಳಹೊರಗು ಮಾಡಿ, ಎಣ್ಣೆಯನ್ನೋ ತುಪ್ಪವನ್ನೋ ಹಾಕಿ, ಹತ್ತಿಯ ಬತ್ತಿ ಇಡುತ್ತಾರೆ. ನಮ್ಮ ಕಿತ್ತಳೆಯ ಹಣತೆ ಅದರ ತಂಗಿಯೇ ಸರಿ.

ಬದಿಗಿಟ್ಟ ಟೊಪ್ಪಿಗೆಯ ನಡುವೆ ದೊಡ್ಡ ನಾಣ್ಯದಷ್ಟು ಅಗಲದ ತೂತು ಕೊರೆದು, ಜ್ವಾಲೆಯ ನೇರಕ್ಕೆ ತೂತು ಬರುವಂತೆ ಮೇಲೆ ಮುಚ್ಚಿದರೆ ಕಿತ್ತಳೆ ಬಣ್ಣದ ಗೂಡುದೀಪವಾಗುತ್ತದೆ. ತೂತು ಚಿಕ್ಕದಾದರೆ ಜ್ವಾಲೆ ಕುಗ್ಗುತ್ತದೆ. ಇಲ್ಲವೇ ಸಿಪ್ಪೆಯ ಅಂಚು ಸುಡುತ್ತದೆ. ಬಿಸಿಗಾಳಿ ಮೇಲಕ್ಕೆ ಹೋಗಲು ದಾರಿಯಿದ್ದರೆ ಮಾತ್ರ ಹೊಸಗಾಳಿ ಒಳಗೆ ಬರುತ್ತದೆ.

ಉರಿಯುವುದು ಯಾವುದು?

ಈ ಪ್ರಶ್ನೆ ಬರಿಯ ಮಕ್ಕಳಾಟವೆಂದು ತಿಳಿಯಬಾರದು. ಇಂಗ್ಲೆಂಡಿನಲ್ಲಿ ೧೭೯೧ರಲ್ಲಿ ಹುಟ್ಟಿದ ಮೈಕೇಲ್ ಫ್ಯಾರಡೆ ಒಬ್ಬ ಕಮ್ಮಾರನ ಮಗ. ಆತನಿಗೆ ಶಾಲೆಯ ಓದು ದೊರೆತದ್ದು ಅತ್ಯಲ್ಪ. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತ, ಕಟ್ಟಲು ಬಂದ ಪುಸ್ತಕಗಳನ್ನು ಓದಿ ಆತ ವಿಜ್ಞಾನದ ಕಡೆಗೆ ತಿರುಗಿದನು. ಮುಂದೆ ವಿದ್ಯುತ್ತಿನ ಸಂಶೋಧನೆಗಳಿಂದ ಜಗದ್ವಿಖ್ಯಾತನಾದನು. ಅಂಥವನು ತನ್ನ ಇಳಿವಯಸ್ಸಿನಲ್ಲಿ, ೧೮೬೦ನೆಯ ಇಸವಿಯ ಕ್ರಿಸ್‌ಮಸ್ ಸಮಯದಲ್ಲಿ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳಿಗಾಗಿ ಆರು ಉಪನ್ಯಾಸಗಳ ಮಾಲೆಯನ್ನು ಆರಂಭಿಸಿದನು. ಆರಕ್ಕೂ ಆರಿಸಿಕೊಂಡ ವಿಷಯ ಒಂದೇ: ಮೇಣದ ಬತ್ತಿ. ೧೮೬೧ರಲ್ಲಿ ಅವು ಪುಸ್ತಕವಾಗಿ ಹೊರಬಂದವು. ಇಂದಿಗೂ ಅದನ್ನು ಓದುವವರಿದ್ದಾರೆ.

ನಾವೂ ಕ್ರಮವಾಗಿ ವಿಚಾರಿಸೋಣ. ಹಿರಿಯರ ಎದುರಿನಲ್ಲಿ, ಉರಿಯುವ ಕಡ್ಡಿಯೊಂದನ್ನು ಒಂದು ಚಮಚ ತಣ್ಣನೆಯ ಶೇಂಗಾ ಎಣ್ಣೆಯಲ್ಲಿ ಅದ್ದಿದರೆ ಏನಾಗುತ್ತದೆ? ಕಡ್ಡಿಯೇ ಆರಿಹೋಗುತ್ತದೆ. ಹಾಗಾದರೆ ಎಣ್ಣೆ ದ್ರವರೂಪದಲ್ಲಿರುವಾಗ ಉರಿಯುವುದಿಲ್ಲವೆಂದಾಯಿತು. ಅಡುಗೆಯ ಎಣ್ಣೆ ಸುಮಾರು ೩೦೦ ಡಿಗ್ರಿ ಸೆಲ್ಸಿಯಸ್ಸಿನ ಸಮೀಪಕ್ಕೆ ಕಾಯುವವರೆಗೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುವುದಿಲ್ಲ. ನೀರು ಕುದಿಯುವುದು ೧೦೦ ಡಿಗ್ರಿಯಲ್ಲಿ ಎಂಬುದನ್ನು ನೆನೆದರೆ ಇದು ಎಷ್ಟು ಹೆಚ್ಚಿನ ಕಾವೆಂಬುದು ತಿಳಿಯುತ್ತದೆ. ಇಡೀ ಬಟ್ಟಲಿನ ಎಣ್ಣೆಯನ್ನು ಅಷ್ಟು ಕಾಯಿಸುವುದು ಒಂದು ಕಡ್ಡಿಯಿಂದ ಸಾಧ್ಯವಿಲ್ಲ.

ಬತ್ತಿಯ ಉಪಕಾರ ಇಲ್ಲಿದೆ. ನಾರಿನೊಳಗೆ ಕೂದಲೆಳೆಯಷ್ಟು ಸೂಕ್ಷ್ಮವಾದ ಸಂದುಗಳು ಅಸಂಖ್ಯವಾಗಿವೆ. ಇಂಥ ಸಂದುಗಳಲ್ಲಿ ದ್ರವ ತಾನಾಗಿಯೇ ಮೇಲೇರುತ್ತದೆ. ಮಳೆಗಾಲದಲ್ಲಿ ನೆಲದ ತೇವ ಚಾಳಿನ ಗೋಡೆಯನ್ನು ಹತ್ತುವುದೂ, ಬಕೆಟ್ಟಿನ ಅಂಚಿನಲ್ಲಿ ಜೋತುಬಿದ್ದ ಬಟ್ಟೆಯ ತುದಿ ನೀರಿಗೆ ತಾಗಿದರೆ ಮೇಲಿನವರೆಗೂ ಒದ್ದೆಯಾಗುವುದೂ ಇದರಿಂದಲೇ. ಇದಕ್ಕೆ ಕೇಶಾಕರ್ಷಣೆಯೆಂದು ಹೆಸರು, ಕೇಶವೆಂದರೆ ಕೂದಲು. ಹೀಗೆ ಏರಿಬಂದ ಎಣ್ಣೆ ಬತ್ತಿಯ ತುದಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವುದರಿಂದ ಕಡ್ಡಿಯ ಕಾವಿಗೆ ಬೇಗನೆ ಆವಿಯಾಗುತ್ತದೆ. ಉರಿಯುವುದು ಆ ಆವಿ. ಅದು ಉರಿದಾಗ ಹುಟ್ಟಿದ ಕಾವು ಹಿಂದೆಯೇ ಬಂದ ಎಣ್ಣೆಯನ್ನು ಆವಿ ಮಾಡುತ್ತದೆ. ಹೀಗೆ ಸರಪಳಿ ಮುಂದುವರಿಯುತ್ತದೆ. ಎಣ್ಣೆ ಇರುವವರೆಗೆ ಬತ್ತಿ ಹೆಚ್ಚಾಗಿ ಸುಡದೆ ಉಳಿಯುತ್ತದೆ. ಎಣ್ಣೆ ತೀರಿದೊಡನೆ ತಾನೇ ಸುಟ್ಟು ಹೋಗುತ್ತದೆ.

ಆವಿಯೇ ಉರಿಯುವುದೆಂಬುದಕ್ಕೆ ಸಾಕ್ಷಿ ಬೇಕೇ? ಅಂಗಡಿಯ ಮೇಣದ ಬತ್ತಿಯೊಂದನ್ನು ಚೆನ್ನಾಗಿ ಉರಿಸಿ, ಮೆಲ್ಲನೆ ಊದಿ ಆರಿಸಬೇಕು. ಬತ್ತಿಯಿಂದ ಬಿಳಿಯ ಹೊಗೆ ಮೇಲೇಳುತ್ತದೆ. ಉರಿಯುವ ಕಡ್ಡಿಯನ್ನು ಬತ್ತಿಗೆ ತಾಗಿಸದೆ, ಎರಡು ಮೂರು ಸೆಂಟಿಮೀಟರು ಮೇಲೆ ಆ ಹೊಗೆಗೆ ಹಿಡಿದರೆ, ಜ್ವಾಲೆ ಹೊಗೆಯ ದಾರಿ ಹಿಡಿದು ಕೆಳಗೆ ಹಾರಿ ಬತ್ತಿಯನ್ನು ಹೊತ್ತಿಸುತ್ತದೆ! ಆ ಹೊಗೆ ಮೇಣದ ಆವಿಯೇ. ಗಾಳಿಯಲ್ಲಿ ತಣಿದು ಬೆಳ್ಳಗೆ ಕಾಣುತ್ತಿತ್ತು, ಅಷ್ಟೇ. ಫ್ಯಾರಡೆಯೂ ತನ್ನ ಉಪನ್ಯಾಸದಲ್ಲಿ ಇದನ್ನು ಮಾಡಿ ತೋರಿಸಿದನು.

ನಮ್ಮ ಹಣತೆಗೂ ಮೇಣದ ಬತ್ತಿಗೂ ಇರುವ ಅಂತರ ಇಷ್ಟೇ: ಮೇಣದ ಬತ್ತಿ ತನ್ನ ತಲೆಯಲ್ಲಿಯೇ ಕರಗಿದ ಮೇಣದ ಒಂದು ಕೊಳವನ್ನು ಮಾಡಿಕೊಳ್ಳುತ್ತದೆ, ಇಲ್ಲಿ ಆ ಕೊಳಕ್ಕೆ ಹಣ್ಣು ಬಟ್ಟಲನ್ನು ಒದಗಿಸಿದೆ. ಕೊಬ್ಬರಿ ಎಣ್ಣೆ ಸುಮಾರು ೨೪ ಡಿಗ್ರಿ ಸೆಲ್ಸಿಯಸ್ಸಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಚಳಿಯ ದಿನ ಅಂಥ ಎಣ್ಣೆಯನ್ನು ತುಂಬಿದರೆ ನಮ್ಮ ಹಣತೆ ನಿಜವಾಗಿಯೂ ಮೇಣದ ಬತ್ತಿಯ ಜಾತಿಗೆ ಸೇರುತ್ತದೆ.

ಕಾಡಿಗೆ, ನೀರು, ಕಿಡಿ

ಜ್ವಾಲೆಯ ಹಳದಿ ಬೆಳಕಿಗೆ ಕಾರಣವೇನು? ಸ್ಟೀಲಿನ ಚಮಚದ ಬೆನ್ನನ್ನು ಕ್ಷಣಕಾಲ ಜ್ವಾಲೆಯಲ್ಲಿ ಹಿಡಿದರೆ ಕಪ್ಪು ಮಸಿ ಕೂರುತ್ತದೆ. ನಮ್ಮ ಅಜ್ಜಿಯರು ದೀಪದ ಮೇಲೆ ತಟ್ಟೆ ಕವಿಚಿ ಕಾಡಿಗೆ ಹಿಡಿಯುತ್ತಿದ್ದುದು ಇದನ್ನೇ. ಅದು ಇಂಗಾಲ. ಜ್ವಾಲೆಯೊಳಗೆ ಇಂಗಾಲದ ಸಣ್ಣ ಕಣಗಳು ಕೆಂಡದಂತೆ ಕಾಯ್ದು ಹೊಳೆಯುವುದರಿಂದಲೇ ದೀಪ ಬೆಳಗುತ್ತದೆ.

ಒಣಗಿದ ತಣ್ಣನೆಯ ಗಾಜಿನ ಲೋಟವನ್ನು ಜ್ವಾಲೆಯ ಮೇಲೆ ಸ್ವಲ್ಪ ಎತ್ತರದಲ್ಲಿ ಬೋರಲು ಹಿಡಿದರೆ ಒಳಮೈ ಮಂಜಾಗುತ್ತದೆ. ಬೆಂಕಿಯಿಂದ ನೀರು! ಸಿಪ್ಪೆಯ ತೇವದಿಂದ ಬಂದಿರಬೇಕೆಂದು ಯಾರಾದರೂ ಸಂದೇಹಪಟ್ಟರೆ, ಆ ಸಂದೇಹ ಬಹು ಒಳ್ಳೆಯದು. ಒಣಗಿದ ಮಣ್ಣಿನ ಹಣತೆಯ ಮೇಲೆ ಹಿಡಿದು ನೋಡಲಿ. ಅಲ್ಲಿಯೂ ಮಂಜು ಬರುತ್ತದೆ. ಎಣ್ಣೆಯಲ್ಲಿರುವ ಜಲಜನಕ ಗಾಳಿಯ ಆಮ್ಲಜನಕದೊಡನೆ ಕೂಡಿ ನೀರಾಗುತ್ತದೆ. ಇಂಗಾಲ ಆಮ್ಲಜನಕದೊಡನೆ ಕೂಡಿ ಇಂಗಾಲದ ಡೈಆಕ್ಸೈಡಾಗುತ್ತದೆ.

ಸಿಪ್ಪೆಯಲ್ಲಿಯೂ ಒಂದು ಬಗೆಯ ಎಣ್ಣೆಯುಂಟು. ಹೊರಮೈಯ ಚುಕ್ಕೆಗಳೆಲ್ಲ ಆ ಎಣ್ಣೆಯ ಚೀಲಗಳು; ಅದರ ಮುಖ್ಯ ಭಾಗಕ್ಕೆ ಲಿಮೊನೀನ್ ಎಂದು ಹೆಸರು. ಹಸಿಯ ಸಿಪ್ಪೆಯ ತುಂಡನ್ನು, ಮುಖವನ್ನು ದೂರವಿಟ್ಟುಕೊಂಡು, ಜ್ವಾಲೆಯ ಕಡೆಗೆ ಹೊರಮೈ ಇರುವಂತೆ ಮಡಿಸಿ ಹಿಂಡಿದರೆ ಪುಟ್ಟ ಕಿಡಿಗಳು ಮಿಂಚಿ ಮಾಯವಾಗುತ್ತವೆ. ಹನಿಗಳು ಅತಿ ಸಣ್ಣವಾದುದರಿಂದ ತಕ್ಷಣ ಆವಿಯಾಗಿ ಉರಿದುಬಿಡುತ್ತವೆ. ಹಾಗಾದರೆ ಹಣತೆಯ ಸಿಪ್ಪೆ ಏಕೆ ಹೊತ್ತಿಕೊಳ್ಳುವುದಿಲ್ಲ? ಅದರಲ್ಲಿರುವ ನೀರು ಕಾವನ್ನು ಹೀರಿಕೊಂಡು ಕಾಪಾಡುತ್ತಿದೆ. ಆ ನೀರು ಒಣಗಿದರೆ ಕಾವಲು ತಪ್ಪಿದಂತೆಯೇ. ಆದುದರಿಂದ ಎಣ್ಣೆ ತಳಮುಟ್ಟುವ ಮೊದಲೇ ದೀಪವನ್ನು ಆರಿಸಬೇಕು. ಒಣಗಿದ ಸಿಪ್ಪೆಯಲ್ಲಿ ಮತ್ತೆ ದೀಪ ಹಚ್ಚಬಾರದು. ಉರಿಯುವ ಹಣತೆಯನ್ನು ಒಂಟಿಯಾಗಿ ಬಿಟ್ಟು ಹೋಗಬಾರದು. ಪೆಟ್ರೋಲು, ಸ್ಪಿರಿಟ್ಟುಗಳನ್ನು ನಿಷೇಧಿಸಿದ್ದೇಕೆಂಬುದೂ ಈಗ ಸ್ಪಷ್ಟವಾಯಿತು. ಅವು ಕಾಯಿಸದೆಯೇ ಆವಿಯನ್ನು ಬಿಡುತ್ತವೆ, ಬತ್ತಿಯನ್ನು ಕಾಯುವುದಿಲ್ಲ. ಸೀಮೆಎಣ್ಣೆಗೂ ಅಡುಗೆಯ ಎಣ್ಣೆಗೆ ಬೇಕಾದ ಕಾವಿಗಿಂತ ಬಹಳ ಕಡಿಮೆ ಕಾವು ಸಾಕು.

ನೀರು ಸುರಿಯಬಾರದೇಕೆ?

ನಮ್ಮಲ್ಲಿ ಬಹುಮಂದಿಯ ಮನೆಗಳು ಚಿಕ್ಕವು. ಒಲೆ, ಹಾಸಿಗೆ, ಪುಸ್ತಕಗಳ ಚೀಲ ಒಂದೇ ಕೋಣೆಯಲ್ಲಿರುವುದುಂಟು. ಹಬ್ಬದ ದಿನ ಕರಿಯಲು ಇಟ್ಟ ಬಾಣಲೆಯ ಎಣ್ಣೆ ಅತಿಯಾಗಿ ಕಾಯ್ದರೆ, ಬತ್ತಿಯ ಹಂಗಿಲ್ಲದೆ ಇಡೀ ಮೇಲ್ಮೈಯಿಂದ ಆವಿ ಎದ್ದು ಹೊತ್ತಿಕೊಳ್ಳುತ್ತದೆ. ಆಗ ಗಾಬರಿಯಿಂದ ಕೈ ಹೋಗುವುದು ನೀರಿನ ತಂಬಿಗೆಗೆ. ಅದೇ ಅನರ್ಥಕ್ಕೆ ಮೂಲ. ನೀರು ಎಣ್ಣೆಗಿಂತ ಭಾರವಾದುದರಿಂದ ತಳಕ್ಕಿಳಿಯುತ್ತದೆ; ಅಲ್ಲಿಯ ಕಾವಿಗೆ ಒಮ್ಮೆಲೇ ಹಬೆಯಾಗಿ ಸುಮಾರು ೧,೬೦೦ ಪಟ್ಟು ಹಿಗ್ಗುತ್ತದೆ; ಮೇಲಿರುವ ಉರಿಯುವ ಎಣ್ಣೆಯನ್ನು ಹನಿಹನಿಯಾಗಿ ಸುತ್ತಲೂ ಎರಚುತ್ತದೆ. ಸಿಪ್ಪೆಯ ಹನಿಗಳು ಕಿಡಿಯಾದುದನ್ನು ನಾವು ಕಂಡೆವಷ್ಟೆ. ಇಲ್ಲಿ ಅದೇ ಸಂಗತಿ ಕೋಣೆಯ ತುಂಬ ನಡೆಯುತ್ತದೆ.

ಮಾಡಬೇಕಾದುದು ಬೇರೆ. ಸಾಧ್ಯವಾದರೆ ಗ್ಯಾಸನ್ನು ಆರಿಸಬೇಕು, ಬಾಣಲೆಯನ್ನು ಎತ್ತಬಾರದು, ಲೋಹದ ದೊಡ್ಡ ಮುಚ್ಚಳವನ್ನು ಬದಿಯಿಂದ ಸರಿಸಿ ಪೂರ್ತಿಯಾಗಿ ಮುಚ್ಚಬೇಕು, ತಣಿಯುವವರೆಗೂ ತೆಗೆಯಬಾರದು. ಗಾಳಿ ದೊರೆಯದೆ ಆವಿ ಉರಿಯಲಾರದು. ಚಿಕ್ಕವರು ಮಾತ್ರ ಇರುವಾಗ ಬೆಂಕಿ ಎದ್ದರೆ ಹೊರಗೆ ಓಡಿ ಹಿರಿಯರನ್ನು ಕೂಗಬೇಕು. ನಮ್ಮ ಕಿತ್ತಳೆಯ ಹಣತೆಯನ್ನೂ ಊದಿ ಆರಿಸದೆ, ಸ್ಟೀಲಿನ ಲೋಟವನ್ನು ಬೋರಲು ಹಾಕಿಯೇ ಆರಿಸುವ ಅಭ್ಯಾಸ ಮಾಡಿಕೊಳ್ಳೋಣ. ಪುಟ್ಟ ದೀಪದಲ್ಲಿ ಕಲಿತ ಕೈ ದೊಡ್ಡ ಬೆಂಕಿಯ ಮುಂದೆ ತಪ್ಪುವುದಿಲ್ಲ.

ಬತ್ತಿ, ಹಣತೆ, ಆವಿ, ಕಾಡಿಗೆ, ಹಬೆ: ಈ ಲೇಖನಕ್ಕೆ ಬೇಕಾದ ಮಾತುಗಳಲ್ಲಿ ಹೆಚ್ಚಿನವು ನಮ್ಮ ಮನೆಯಲ್ಲಿಯೇ ಇದ್ದವು, ಹೊರಗಿನಿಂದ ತರಬೇಕಾದುದು ಕೆಲವೇ. ಇನ್ನೂ ವಿಚಾರಿಸಬೇಕಾದುದು ಬಹಳವಿದೆ. ಒಂದೇ ಅಳತೆಯ ಶೇಂಗಾ ಎಣ್ಣೆ, ಎಳ್ಳೆಣ್ಣೆ, ಕೊಬ್ಬರಿ ಎಣ್ಣೆಗಳಲ್ಲಿ ಯಾವುದು ಹೆಚ್ಚು ಹೊತ್ತು ಉರಿಯುತ್ತದೆ? ಕಿತ್ತಳೆಯ ನಾರು ಮೇಲೋ, ಮೋಸಂಬಿಯದೋ? ಗಡಿಯಾರವನ್ನು ಮುಂದಿಟ್ಟುಕೊಂಡು ನೋಡೋಣ; ಕಂಡುದನ್ನು ಕಂಡಂತೆ, ಕನ್ನಡದಲ್ಲಿಯೇ, ನೋಟ್‌ಬುಕ್ಕಿನಲ್ಲಿ ಬರೆದಿಡೋಣ.